ಚಿಪ್ಪಿನ ಮೇಲಿನ ಬಾಡಿಗೆದಾರರು

ನಮ್ಮಲ್ಲಿ ಹಲವರ ಮನೆಯ ದೇವರ ಮಂಟಪದಲ್ಲಿ, ಆ ಮನೆ ಬಸವನಗುಡಿಯಲ್ಲಿರಲಿ ಬೆಡೋಕ್‌ನಲ್ಲಿರಲಿ, ಸಣ್ಣದೊಂದು ಸಂಪುಟದೊಳಗೆ ಸಾಲಿಗ್ರಾಮ ಇರುತ್ತದೆ. ಕಪ್ಪಗೆ, ನುಣ್ಣಗೆ, ಒಳಗೊಂದು ಚಕ್ರ. ನೇಪಾಳದ ಕಾಳಿ ಗಂಡಕಿ ನದಿಯಲ್ಲಿ ಸಿಗುವ ಈ ಶಿಲೆಯೊಳಗೆ ವಜ್ರಕೀಟವೆಂಬ ಹುಳು ಹೊಕ್ಕು ಚಕ್ರವನ್ನು ಕೊರೆಯಿತು ಎಂದು ಅಜ್ಜಿಯಂದಿರು ಹೇಳುತ್ತಿದ್ದುದು ತಮಗೂ ನೆನಪಿರಬಹುದು. ಭೂವಿಜ್ಞಾನಿಗಳನ್ನು ಕೇಳಿದರೆ, ಅದು ಅಮೋನೈಟ್ ಎಂಬ ಕಡಲಜೀವಿಯ ಸುರುಳಿ ಚಿಪ್ಪು. ಸುಮಾರು 14ರಿಂದ 16 ಕೋಟಿ ವರ್ಷಗಳ ಹಿಂದೆ, ಹಿಮಾಲಯ ಇನ್ನೂ ಹುಟ್ಟದೆ ಅಲ್ಲಿ ಸಮುದ್ರವಿದ್ದಾಗ ಕೆಸರಿನಲ್ಲಿ ಹೂತು ಕಲ್ಲಾದದ್ದು ಎನ್ನುತ್ತಾರೆ. ಎರಡಕ್ಕೂ ಜಗಳ ಹಚ್ಚುವ ಉದ್ದೇಶ ನನಗಿಲ್ಲ. ಪೂಜೆಗೆ ಕೂತಾಗ ಅದು ಸಾಲಿಗ್ರಾಮ, ಭೂತಗನ್ನಡಿ ಹಿಡಿದಾಗ ಅಮೋನೈಟ್.

ಚಕ್ರವನ್ನು ಹುಳು ಕೊರೆದದ್ದಲ್ಲ, ಆ ಪ್ರಾಣಿಯೇ ಕಟ್ಟಿಕೊಂಡದ್ದು ಎಂಬುದೇನೋ ನಿಜ. ಆದರೆ ಇಂಥ ಚಿಪ್ಪುಗಳ ಮೇಲೆ ನಿಜವಾದ ಹುಳುಗಳೂ ವಾಸವಾಗಿದ್ದವು ಎಂಬುದು ಬಹಳ ಜನರಿಗೆ ಗೊತ್ತಿಲ್ಲ. ಹುಳುಗಳಷ್ಟೇ ಅಲ್ಲ, ಸಿಂಪಿ, ಸ್ಪಂಜು, ಕಸೂತಿಯಂತೆ ಹರಡುವ ಬ್ರಯೋಜೋವಾ, ಇನ್ನೂ ಏನೇನೋ. ನಮ್ಮ ಎಚ್.ಡಿ.ಬಿ. ಬ್ಲಾಕಿನಂತೆ ಒಂದೇ ಚಿಪ್ಪಿನ ಮೇಲೆ ಹತ್ತಾರು ಸಂಸಾರ. (ಇದನ್ನು ಹಿಡಿದುಕೊಂಡು ನಮ್ಮ ಹಿರಿಯರಿಗೆ ಎಲ್ಲವೂ ಮೊದಲೇ ತಿಳಿದಿತ್ತು ಎಂದು ಭಾಷಣಕ್ಕೆ ಹೊರಡುವವನು ನಾನಲ್ಲ. ಆ ಕೆಲಸಕ್ಕೆ ವಾಟ್ಸಾಪ್ ಇದೆ.) ಈ ಬಾಡಿಗೆದಾರರನ್ನು ಗುರುತಿಸುವುದು ಹೇಗೆ, ಗುರುತಿಸಿ ಆಗಬೇಕಾದದ್ದೇನು ಎಂಬುದೇ ಈ ಲೇಖನದ ವಿಷಯ. ನಾನು ಓದಿದ್ದು ವೈದ್ಯಕೀಯ, ಭೂವಿಜ್ಞಾನವಲ್ಲ. ಆದರೆ ಮೂವತ್ತು ವರ್ಷ ರೋಗಿಗಳ ಚರ್ಮದ ಮೇಲಿನ ಕಲೆ, ಗಂಟು, ಗುಳ್ಳೆಗಳನ್ನು ನೋಡಿದವನಿಗೆ ಈ ಕಲ್ಲುಗಳ ಮೇಲಿನ ಕಲೆ, ಗಂಟು, ಗುಳ್ಳೆಗಳು ಅಷ್ಟೇನೂ ಅಪರಿಚಿತವೆನಿಸಲಿಲ್ಲ.

ಮೊದಲು ಮನೆಯ ಯಜಮಾನನ ಪರಿಚಯ. ನಾಟಿಲಸ್ ಎಂಬ ಪ್ರಾಣಿ ಅಷ್ಟಪದಿಯ ದೂರದ ಸಂಬಂಧಿ. ಫಿಲಿಪ್ಪೀನ್ಸ್, ಇಂಡೋನೇಷ್ಯಾ ಕಡೆಯ ಆಳಸಮುದ್ರದಲ್ಲಿ ಈಗಲೂ ಬದುಕಿದೆ. ಸುರುಳಿ ಚಿಪ್ಪಿನ ಒಳಗೆ ಒಂದರ ಹಿಂದೊಂದು ಕೋಣೆ ಕಟ್ಟುತ್ತಾ, ಕೊನೆಯ ದೊಡ್ಡ ಕೋಣೆಯಲ್ಲಿ ತಾನಿದ್ದು, ಹಿಂದಿನ ಕೋಣೆಗಳಲ್ಲಿ ಗಾಳಿ ತುಂಬಿಸಿಕೊಂಡು ತೇಲುತ್ತದೆ. ಕೋಣೆಗಳನ್ನೆಲ್ಲ ಹಾದುಹೋಗುವ ಒಂದು ಸಣ್ಣ ನಳಿಕೆ ನೀರನ್ನು ಹೀರಿ ತೂಕವನ್ನು ಸರಿದೂಗಿಸುತ್ತದೆ. ಕಣ್ಣಿಗೆ ಮಸೂರವೇ ಇಲ್ಲ, ಬರೀ ಸೂಜಿರಂಧ್ರ. ನನ್ನ ನೇತ್ರತಜ್ಞ ಮಿತ್ರರಿಗೆ ಇದರಿಂದ ಒಂದು ಪೈಸೆ ಸಂಪಾದನೆ ಇಲ್ಲ. ಇದರ ಚಿಪ್ಪು ಚೆಂದವಾದ್ದರಿಂದ ಬೇಟೆ ಅತಿಯಾಗಿ, 2017ರಿಂದ ಅಂತಾರಾಷ್ಟ್ರೀಯ ವ್ಯಾಪಾರಕ್ಕೆ ಸೈಟಿಸ್ ಒಪ್ಪಂದದ ಎರಡನೆಯ ಪಟ್ಟಿಯ ನಿರ್ಬಂಧ ಬಂದಿದೆ. ಪ್ರವಾಸಕ್ಕೆ ಹೋದಾಗ ಅಂಗಡಿಯಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಸೂಟ್‌ಕೇಸಿಗೆ ಹಾಕಿಕೊಂಡು ಬರಬೇಡಿ.

ನಾಟಿಲಸ್‌ನ ಪೂರ್ವಿಕರನ್ನೂ ದಾಯಾದಿಗಳನ್ನೂ ಒಟ್ಟಾಗಿ ನಾಟಿಲಾಯ್ಡ್ ಎನ್ನುತ್ತಾರೆ. ಸಾಲಿಗ್ರಾಮದ ಅಮೋನೈಟ್ ಇವುಗಳ ಇನ್ನೊಂದು ಕವಲು. ಇವೆರಡನ್ನು ಬೇರ್ಪಡಿಸಲು ಸುಲಭದ ಲಕ್ಷಣ ಎರಡು. ಕೋಣೆಗಳ ನಡುವಣ ಗೋಡೆ ಹೊರಚಿಪ್ಪಿಗೆ ಕೂಡುವ ಗೆರೆ ನಾಟಿಲಾಯ್ಡಿನಲ್ಲಿ ಸರಳವಾಗಿ ಬಾಗಿರುತ್ತದೆ. ಅಮೋನೈಟಿನಲ್ಲಿ ಕೊತ್ತಂಬರಿ ಸೊಪ್ಪಿನ ಅಂಚಿನಂತೆ ಚಿತ್ತಾರವಾಗಿರುತ್ತದೆ. ಆ ನಳಿಕೆಯೂ ನಾಟಿಲಾಯ್ಡಿನಲ್ಲಿ ಸಾಮಾನ್ಯವಾಗಿ ಗೋಡೆಯ ನಡುಭಾಗದಲ್ಲಿ, ಅಮೋನೈಟಿನಲ್ಲಿ ಹೊರಅಂಚಿಗೆ ಅಂಟಿಕೊಂಡಂತೆ ಇರುತ್ತದೆ. ಇಷ್ಟು ತಿಳಿದರೆ ಮನೆಯ ಯಜಮಾನ ಯಾರೆಂದು ಹೇಳಬಹುದು.

ಕಾವೇರಿಯ ಹೆಸರಿನ ಸಮುದ್ರ

ನಮ್ಮ ಕರ್ನಾಟಕದಲ್ಲಿ ನಾಟಿಲಾಯ್ಡ್ ಹುಡುಕಿದರೆ ನಿರಾಸೆಯೇ. ನಮ್ಮ ಬಂಡೆಗಳು ಬಹುಪಾಲು ಇನ್ನೂರು ಮುನ್ನೂರು ಕೋಟಿ ವರ್ಷಗಳಷ್ಟು ಹಳೆಯವು. ಚಿಪ್ಪಿನ ಪ್ರಾಣಿ ಹುಟ್ಟುವ ಬಹಳ ಮೊದಲಿನವು. ಆದರೆ ತಲಕಾವೇರಿಯಲ್ಲಿ ಹುಟ್ಟಿದ ನಮ್ಮ ಹೊಳೆಯ ಜೊತೆಗೇ ಕೆಳಗಿಳಿದು ತಿರುಚ್ಚಿರಾಪಳ್ಳಿ ದಾಟಿ ಉತ್ತರಕ್ಕೆ ಅರಿಯಲೂರು, ಪೆರಂಬಲೂರು ಕಡೆ ಹೋದರೆ ಬೇರೆಯೇ ಲೋಕ. ಭೂವಿಜ್ಞಾನಿಗಳು ಕಾವೇರಿ ಬೇಸಿನ್ ಎಂದು ಕರೆಯುವ ಈ ಪ್ರದೇಶವನ್ನು ಸುಮಾರು 11 ಕೋಟಿ ವರ್ಷಗಳ ಹಿಂದಿನಿಂದ ಸಮುದ್ರ ಮತ್ತೆ ಮತ್ತೆ ಆವರಿಸಿ ಹಿಂದೆ ಸರಿದಿತ್ತು. ಪ್ರತಿ ಸಲವೂ ಕೆಸರು, ಮರಳು, ಸುಣ್ಣದ ಪದರಗಳನ್ನು ಬಿಟ್ಟುಹೋಯಿತು. ಆ ಪದರಗಳಲ್ಲಿ ಚಿಪ್ಪುಗಳೋ ಚಿಪ್ಪುಗಳು.

1840ರ ಸುಮಾರಿಗೆ ಮದ್ರಾಸ್ ಸಿವಿಲ್ ಸರ್ವಿಸ್‌ನ ಅಧಿಕಾರಿಗಳಾದ ಕೇ ಮತ್ತು ಕನ್ಲಿಫ್ ಎಂಬಿಬ್ಬರು ಇಲ್ಲಿನ ಮತ್ತು ಪುದುಚೇರಿ ಸುತ್ತಲಿನ ಪಳೆಯುಳಿಕೆಗಳನ್ನು ಕೂಡಿಹಾಕಿ ಲಂಡನ್ನಿಗೆ ಕಳಿಸಿದರು. ಎಡ್ವರ್ಡ್ ಫೋರ್ಬ್ಸ್ 1846ರಲ್ಲಿ ಅವನ್ನು ವರ್ಣಿಸಿ ಪ್ರಕಟಿಸಿದ. ಆಮೇಲೆ ಭಾರತೀಯ ಭೂವೈಜ್ಞಾನಿಕ ಸಮೀಕ್ಷೆಯ ಹೆನ್ರಿ ಬ್ಲಾನ್‌ಫರ್ಡ್ ಬಂದ. ಪದರಗಳನ್ನು ಉತ್ತತ್ತೂರು, ತಿರುಚ್ಚಿರಾಪಳ್ಳಿ, ಅರಿಯಲೂರು ಎಂದು ಗುಂಪು ಮಾಡಿ 1862ರಲ್ಲಿ ವರದಿ ಬರೆದವನು ಅವನೇ. ಇಲ್ಲಿನ ನಾಟಿಲಸ್‌ಗಳನ್ನು ಮೊದಲು ವಿವರವಾಗಿ ವರ್ಣಿಸಿದವನೂ ಅವನೇ. ಉಳಿದ ಮಹಾಕಾರ್ಯ ಮಾಡಿದವನು ಫರ್ಡಿನಾಂಡ್ ಸ್ಟೋಲಿಚ್ಕ. ಇಂದಿನ ಚೆಕ್ ದೇಶದ ಮೊರಾವಿಯಾದವನು, 1838ರಲ್ಲಿ ಹುಟ್ಟಿದವನು. ಕಲ್ಕತ್ತಾಕ್ಕೆ ಬಂದು ದಕ್ಷಿಣ ಭಾರತದ ಈ ಪಳೆಯುಳಿಕೆಗಳ ಮೇಲೆ ಸಂಪುಟದ ಮೇಲೆ ಸಂಪುಟ ಬರೆದ. ಮಧ್ಯೆ ಬಿಡುವು ಮಾಡಿಕೊಂಡು ನಮ್ಮ ನೆರೆಯ ಪೆನಾಂಗಿಗೂ ಬಂದು ಬಸವನಹುಳುಗಳನ್ನು ಹಿಡಿದು ಹೋಗಿದ್ದಾನೆ. 1874ರಲ್ಲಿ ಯಾರ್ಕಂದ್ ಯಾತ್ರೆಯಿಂದ ಮರಳುವಾಗ ಲಡಾಖಿನ ಮುರ್ಗೋ ಎಂಬಲ್ಲಿ ತೀರಿಕೊಂಡ. ವಯಸ್ಸು ಆಗ ಬರೀ 36. ಸಮಾಧಿ ಲೇಹ್‌ನಲ್ಲಿದೆ. ಅವನ ಕೊನೆಯ ಸಂಪುಟ ನಮ್ಮ ವಿಷಯಕ್ಕೆ ಮುಖ್ಯ, ಏಕೆಂದರೆ ಅದರಲ್ಲಿ ದೊಡ್ಡ ಚಿಪ್ಪುಗಳಲ್ಲ, ಬ್ರಯೋಜೋವಾ, ಹವಳ ಮೊದಲಾದ ಸಣ್ಣಪುಟ್ಟವರ ಚಿತ್ರ ಮತ್ತು ವರ್ಣನೆಗಳಿವೆ. ದೊಡ್ಡವರ ಜೊತೆ ಬಾಡಿಗೆದಾರರನ್ನೂ ಲೆಕ್ಕಕ್ಕೆ ಹಿಡಿದ ಮಹಾನುಭಾವ.

ಇದೇ ಪ್ರದೇಶದ ಇನ್ನೊಂದು ವಿಶೇಷ ಹೇಳದೆ ಮುಂದೆ ಹೋಗಲಾರೆ. ಅರಿಯಲೂರು ಪದರದಲ್ಲಿ ಅಮೋನೈಟ್ ಇದೆ, ನಾಟಿಲಾಯ್ಡ್ ಕೂಡ ಇದೆ. ಅದರ ಮೇಲಿನ ನಿನಿಯೂರು ಪದರಕ್ಕೆ ಹತ್ತಿದರೆ ಅಮೋನೈಟ್ ಇಲ್ಲ, ನಾಟಿಲಾಯ್ಡ್ ಮಾತ್ರ ಇದೆ. ನಡುವೆ ಆಗಿಹೋದದ್ದು 6.6 ಕೋಟಿ ವರ್ಷಗಳ ಹಿಂದಿನ ಮಹಾಪ್ರಳಯ, ಡೈನೋಸಾರ್‌ಗಳೂ ಅಮೋನೈಟ್‌ಗಳೂ ಅಳಿದ ಕಾಲ. ಹೊಲದ ಬದುವಿನ ಮೇಲೆ ನಡೆಯುತ್ತಾ ಆ ಗೆರೆಯನ್ನು ದಾಟಬಹುದಾದ ಜಾಗಗಳು ಪ್ರಪಂಚದಲ್ಲಿ ಹೆಚ್ಚಿಲ್ಲ.

ಸೋದರಮಾವನ ಕಲ್ಲು

ನನ್ನ ಸೋದರಮಾವ 1980ರ ದಶಕದಲ್ಲಿ ಆ ಕಡೆಯ ಸಿಮೆಂಟ್ ಕಾರ್ಖಾನೆಯೊಂದರ ಸುಣ್ಣಕಲ್ಲು ಗಣಿಯಲ್ಲಿ ಎಂಜಿನಿಯರ್ ಆಗಿದ್ದರು. ಕಲ್ಲಂಕುರಿಚ್ಚಿಯ ಸುಣ್ಣಕಲ್ಲು ಎಂದರೆ ಸಿಮೆಂಟಿನವರಿಗೆ ಬಂಗಾರ. ಸುಮಾರು 7 ಕೋಟಿ ವರ್ಷಗಳ ಹಿಂದಿನ ಸಿಂಪಿಗಳೂ ಬ್ರಯೋಜೋವಾಗಳೂ ರಾಶಿ ಬಿದ್ದು ಆದ ಬಂಡೆ ಅದು. (ಕಲ್ಲಂಕುರಿಚ್ಚಿ, ಕಲ್ಲಾಂಗ್: ಕನ್ನಡದ ಕಿವಿಗೆ ಎರಡರಲ್ಲೂ ಕಲ್ಲೇ ಕೇಳಿಸುತ್ತದೆ. ಆದರೆ ನಮ್ಮ ಕಲ್ಲಾಂಗಿಗೂ ಕಲ್ಲಿಗೂ ಸಂಬಂಧವಿಲ್ಲ, ಅದು ಈ ನದಿಮುಖದಲ್ಲಿ ದೋಣಿಗಳಲ್ಲೇ ಬಾಳುತ್ತಿದ್ದ ಒರಾಂಗ್ ಕಲ್ಲಾಂಗ್ ಜನರ ಹೆಸರು.) ಮಾವ ಗಣಿಯಲ್ಲಿ ಸಿಕ್ಕಿದ ಒಂದು ನಾಟಿಲಾಯ್ಡನ್ನು, ಅರ್ಧ ತೆಂಗಿನಕಾಯಿಯಷ್ಟು ದೊಡ್ಡದನ್ನು, ರುಬ್ಬುವ ಯಂತ್ರಕ್ಕೆ ಹೋಗದಂತೆ ಎತ್ತಿಟ್ಟು ಮೈಸೂರಿಗೆ ತಂದಿದ್ದರು. ಅವರು ಕಾಲವಾದ ಮೇಲೆ ಅದು ಅವರ ಮನೆಯ ಷೋಕೇಸಿನಲ್ಲಿ, ಗೊಂಬೆಗಳ ಪಕ್ಕದಲ್ಲಿತ್ತು.

ಕೆಲವು ವರ್ಷಗಳ ಹಿಂದೆ ರಜೆಯಲ್ಲಿ ಹೋದಾಗ ಮಾವನ ಮಗ ಒಂದು ಸುದ್ದಿ ಹೇಳಿದ. ಗ್ರಾನೈಟ್ ಪಾಲಿಶ್ ಮಾಡುವವರೊಬ್ಬರನ್ನು ಗೊತ್ತುಮಾಡಿದ್ದಾನೆ. ಅವರು ಕಲ್ಲನ್ನು ನಡುವೆ ಸೀಳಿ, ಎರಡೂ ಹೋಳನ್ನು ಕನ್ನಡಿಯಂತೆ ಹೊಳೆಯಿಸಿ ಕೊಡುತ್ತಾರೆ. ಒಳಗಿನ ಕೋಣೆಗಳು ಚೆನ್ನಾಗಿ ಕಾಣುತ್ತವೆ. ಹೊರಗಿನ "ಕಜ್ಜಿ"ಯನ್ನೆಲ್ಲ ಆಸಿಡ್ಡಿನಲ್ಲಿ ತೊಳೆದು ತೆಗೆಯುತ್ತಾರೆ. ಮಾವನ ಫೋಟೋದ ಎರಡು ಬದಿಗೆ ಎರಡು ಹೋಳು ಇಡಬೇಕೆಂಬುದು ಅತ್ತೆಯ ಆಸೆ. ಆಸೆಯಲ್ಲಿ ತಪ್ಪೇನಿಲ್ಲ. ಆದರೆ ನನ್ನ ಕಣ್ಣು ಹೋದದ್ದು ಆ ಕಜ್ಜಿಯ ಮೇಲೆ. "ಅತ್ತೆ, ನನಗೆ ಮೂರು ದಿನ ಟೈಮ್ ಕೊಡಿ, ಆಮೇಲೆ ನೀವು ಹೇಳಿದ ಹಾಗೆ" ಎಂದೆ. "ಅಯ್ಯೋ, ಕಲ್ಲಿಗೂ ಟೆಸ್ಟ್ ಬರೆದುಕೊಡ್ತೀಯೇನಪ್ಪಾ?" ಎಂದು ಅತ್ತೆ ನಕ್ಕರು.

ಟೆಸ್ಟೇನೂ ದುಬಾರಿಯದಲ್ಲ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಕೈಮಸೂರ, ಒಂದು ಟಾರ್ಚು, ಮೆತ್ತನೆಯ ಬ್ರಷ್ಷು, ಒಂದು ಲೋಟ ನೀರು, ಅಳತೆಪಟ್ಟಿ, ಫೋಟೋಗೆ ಫೋನು. ಟಾರ್ಚನ್ನು ಮೇಲಿನಿಂದ ಹಿಡಿಯಬಾರದು, ಪಕ್ಕದಿಂದ ಬಹಳ ತಗ್ಗಿಸಿ ಹಿಡಿಯಬೇಕು. ಆಗ ಕೂದಲೆಳೆಯಷ್ಟು ಉಬ್ಬಿಗೂ ನೆರಳು ಬೀಳುತ್ತದೆ. ಒಣಗಿದಾಗ ಕಾಣದ್ದು ಒದ್ದೆ ಮಾಡಿದಾಗ ಕಾಣುತ್ತದೆ. ವಿನೆಗರ್, ಹುಣಸೆಹಣ್ಣು, ನಿಂಬೆರಸ, ಶೌಚಾಲಯದ ಆಸಿಡ್ ಇವು ಯಾವುದೂ ಹತ್ತಿರ ಸುಳಿಯಬಾರದು. ಚಿಪ್ಪೂ ಸುಣ್ಣ, ಬಾಡಿಗೆದಾರರೂ ಸುಣ್ಣ, ಹುಳಿ ತಗುಲಿದರೆ ಎಲ್ಲರೂ ಕರಗುತ್ತಾರೆ.

ಮೊದಲ ಹೆಜ್ಜೆ, ನಕಲಿಗಳನ್ನು ಬೇರ್ಪಡಿಸುವುದು. ಪೆಥಾಲಜಿ ಸ್ಲೈಡಿನಲ್ಲಿ ಬಣ್ಣದ ಕಣವನ್ನು ರೋಗಾಣುವೆಂದು ತಿಳಿಯದಿರುವುದನ್ನು ನಮಗೆ ಮೊದಲ ವಾರವೇ ಕಲಿಸುತ್ತಾರೆ, ಇಲ್ಲೂ ಹಾಗೆಯೇ. ಬಯಲಲ್ಲಿ ಬಿದ್ದಿದ್ದ ಕಲ್ಲಾದರೆ ಕಲ್ಲುಹೂವು, ಗೆದ್ದಲ ಮಣ್ಣು, ಕಣಜದ ಗೂಡಿನ ಉಳಿಕೆ ಇರಬಹುದು, ಇವೆಲ್ಲ ಇತ್ತೀಚಿನವು. ಮ್ಯಾಂಗನೀಸ್ ಲವಣ ಬಿರುಕುಗಳಲ್ಲಿ ಹರಿದು ಗಿಡದ ಕೊಂಬೆಯಂಥ ಕಪ್ಪು ಚಿತ್ರ ಬರೆಯುತ್ತದೆ; ಅದಕ್ಕೆ ಮೋಸಹೋದವರು ಬಹಳ. ಜೀವಿಯಾದರೆ ಒಂದು ಅಳತೆ ಇರುತ್ತದೆ, ಒಂದು ಪುನರಾವರ್ತನೆ ಇರುತ್ತದೆ, ಬೆಳವಣಿಗೆಗೆ ಆದಿ ಮತ್ತು ಅಂತ್ಯ ಇರುತ್ತದೆ. ಖನಿಜಕ್ಕೆ ಅದಿಲ್ಲ.

ಮಾವನ ಕಲ್ಲಿನ ಒಂದು ಮಗ್ಗುಲಲ್ಲಿ ಚಿಪ್ಪು ಉಳಿದಿತ್ತು, ಇನ್ನೊಂದು ಮಗ್ಗುಲಲ್ಲಿ ಅದು ಕರಗಿ ಒಳಗೆ ತುಂಬಿದ ಕೆಸರಿನ ಅಚ್ಚು ಮಾತ್ರ ಇತ್ತು. ಇದಕ್ಕೆ ಕಾರಣವಿದೆ. ನಾಟಿಲಸ್ ತನ್ನ ಚಿಪ್ಪನ್ನು ಅರಗೊನೈಟ್ ಎಂಬ ಸುಣ್ಣದಿಂದ ಕಟ್ಟುತ್ತದೆ. ಅದು ಬೇಗ ಕರಗುವ ಜಾತಿ. ಸಿಂಪಿಯೂ ಅನೇಕ ಹುಳುಗಳೂ ಬ್ರಯೋಜೋವಾಗಳೂ ಕಟ್ಟುವುದು ಕ್ಯಾಲ್ಸೈಟಿನಿಂದ; ಅದು ಗಟ್ಟಿ. ಆದ್ದರಿಂದ ಎಷ್ಟೋ ಸಲ ಮನೆ ಕರಗಿಹೋಗಿ ಬಾಡಿಗೆದಾರ ಮಾತ್ರ ಉಳಿಯುತ್ತಾನೆ!

ಮೊದಲು ಕಂಡದ್ದು ಹೆಬ್ಬೆರಳಿನ ಉಗುರಿನಷ್ಟು ಅಗಲದ ಸಿಂಪಿ. ಸಿಂಪಿ ಮರಿಯಾಗಿದ್ದಾಗಲೇ ಒಂದು ಕಡೆಯ ಚಿಪ್ಪನ್ನು ಸಿಮೆಂಟ್ ಹಾಕಿದಂತೆ ಆಧಾರಕ್ಕೆ ಅಂಟಿಸಿಬಿಡುತ್ತದೆ, ಆಮೇಲೆ ಜಾಗ ಬದಲಿಸುವಂತಿಲ್ಲ. ಬೆಳೆಯುತ್ತಾ ಆಧಾರದ ಉಬ್ಬುತಗ್ಗುಗಳನ್ನೆಲ್ಲ ತನ್ನ ಅಡಿಯಲ್ಲಿ ಅಚ್ಚೊತ್ತಿಕೊಳ್ಳುತ್ತದೆ. ಈ ಸಿಂಪಿಯ ಒಂದು ಅಂಚು ಮುರಿದು, ಅಡಿಭಾಗ ಕಾಣುತ್ತಿತ್ತು. ಅದರ ಮೇಲೆ ನಾಟಿಲಸ್‌ನ ಬೆಳವಣಿಗೆಯ ಗೆರೆಗಳು, ಒಂದರ ಪಕ್ಕ ಒಂದು, ನಾವು ಮುರಿದ ಕೈಗೆ ಹಾಕುವ ಪ್ಲಾಸ್ಟರಿನ ಒಳಗೆ ಚರ್ಮದ ಗೆರೆಗಳು ಮೂಡಿದ ಹಾಗೆ ಸ್ಪಷ್ಟವಾಗಿದ್ದವು. ಆ ಜಾಗದಲ್ಲಿ ನಾಟಿಲಸ್‌ನ ಸ್ವಂತ ಚಿಪ್ಪು ಕರಗಿ ಎಷ್ಟೋ ಕಾಲವಾಗಿದೆ. ಅದರ ಚರ್ಮದ ಗುರುತನ್ನು ಕಾಪಾಡಿದ್ದು ಬಾಡಿಗೆದಾರ.

ಎರಡನೆಯದು, ಸೀಮೆಸುಣ್ಣದ ಬಣ್ಣದ, ಶ್ಯಾವಿಗೆಗಿಂತ ಸ್ವಲ್ಪ ದಪ್ಪದ ನಳಿಕೆಗಳು, ಅಂಕುಡೊಂಕಾಗಿ ಹರಿದವು. ಇವು ಸೆರ್ಪುಲಿಡ್ ಹುಳುಗಳ ಮನೆ. ಈಸ್ಟ್ ಕೋಸ್ಟ್ ಪಾರ್ಕಿನಲ್ಲಿ ದಡಕ್ಕೆ ಬಿದ್ದ ಖಾಲಿ ಚಿಪ್ಪುಗಳನ್ನು ಮಗುಚಿ ನೋಡಿ, ಇವುಗಳ ಇಂದಿನ ಬಂಧುಗಳು ಸಿಗುತ್ತಾರೆ. ಮಂಗಳೂರು ಕಡೆಯವರು ಮರುವಾಯಿ ತೊಳೆಯುವಾಗಲೂ ನೋಡಿರಬಹುದು. ಮೂರನೆಯದು, ಹತ್ತು ಮಿಲಿಮೀಟರ್ ಅಗಲದ ಕಸೂತಿಯ ತೇಪೆ. ಬರಿಗಣ್ಣಿಗೆ ಬೂಷ್ಟಿನಂತೆ, ಮಸೂರದಲ್ಲಿ ಜೇನುಹಲ್ಲೆಯಂತೆ. ಅದು ಬ್ರಯೋಜೋವಾ. ಒಂದೊಂದು ಕೋಣೆಯಲ್ಲಿ ಒಂದೊಂದು ಜೀವಿ, ಕೋಣೆಯ ಉದ್ದ ಅರ್ಧ ಮಿಲಿಮೀಟರ್ ಆಸುಪಾಸು, ಎಲ್ಲವೂ ಮೊದಲ ಒಂದು ಮರಿಯ ಸಂತತಿ. ಹವಳವೆಂದು ತಪ್ಪು ತಿಳಿಯುವವರಿದ್ದಾರೆ. ಆದರೆ ಹವಳದ ಬಟ್ಟಲಲ್ಲಿ ಚಕ್ರದ ಕಡ್ಡಿಗಳಂತೆ ಒಳಗೋಡೆಗಳಿರುತ್ತವೆ, ಬ್ರಯೋಜೋವಾದ ಕೋಣೆಯಲ್ಲಿ ಇರುವುದಿಲ್ಲ.

ನಾಲ್ಕನೆಯದು ನನ್ನ ಅಚ್ಚುಮೆಚ್ಚಿನದು. ಚಿಪ್ಪು ಕರಗಿದ ಮಗ್ಗುಲಲ್ಲಿ, ಸಾಸಿವೆಕಾಳಿನಷ್ಟು ಗುಂಡುಗಳು ಸಣ್ಣ ಎಳೆಗಳಿಂದ ಒಂದಕ್ಕೊಂದು ಪೋಣಿಸಿದ ಮಣಿಸರದಂತೆ ಎದ್ದು ನಿಂತಿದ್ದವು. ಇದು ಯಾವ ಪ್ರಾಣಿಯ ದೇಹವೂ ಅಲ್ಲ. ಕೊರೆಯುವ ಸ್ಪಂಜೊಂದು ಚಿಪ್ಪಿನ ದಪ್ಪದೊಳಗೇ ಕೋಣೆ, ಓಣಿಗಳನ್ನು ಕೊರೆದಿತ್ತು; ಅವುಗಳಲ್ಲಿ ಕೆಸರು ತುಂಬಿ ಗಟ್ಟಿಯಾಯಿತು; ಆಮೇಲೆ ಚಿಪ್ಪು ಕರಗಿತು; ಉಳಿದದ್ದು ಖಾಲಿ ಜಾಗದ ಎರಕ. ಹುಳುಕುಹಲ್ಲಿನ ಗುಳಿಗೆ ಸಿಮೆಂಟ್ ತುಂಬಿ, ಹಲ್ಲನ್ನೇ ಕರಗಿಸಿದರೆ ಹೇಗೋ ಹಾಗೆ. ಇಂಥ ಕೊರೆತಕ್ಕೆ ವಿಜ್ಞಾನಿಗಳು ಎಂಟೋಬಿಯಾ ಎಂಬ ಹೆಸರಿಟ್ಟಿದ್ದಾರೆ. ಪ್ರಾಣಿ ಸಿಗದಿದ್ದರೂ ಅದರ ಕೆಲಸಕ್ಕೆ ಹೆಸರಿಡುವುದು ಈ ಶಾಸ್ತ್ರದ ಒಂದು ಸೊಗಸು. ಒರಟು ಬ್ರಷ್ಷಿನಲ್ಲಿ ಒಮ್ಮೆ ಉಜ್ಜಿದರೆ ಸಾಕು, ಈ ಮಣಿಗಳು ಮೊದಲು ಉದುರುತ್ತವೆ.

ಬದುಕಿದ್ದಾಗ ಬಂದವರೋ, ಸತ್ತ ಮೇಲೋ?

ವೈದ್ಯಕೀಯ ವಿಧಿವಿಜ್ಞಾನದ ತರಗತಿಯಲ್ಲಿ ನಮಗೆ ಪದೇ ಪದೇ ಕೇಳುತ್ತಿದ್ದ ಪ್ರಶ್ನೆ: ಈ ಗಾಯ ಸಾವಿಗೆ ಮೊದಲಿನದೋ, ಸತ್ತ ನಂತರದ್ದೋ? ನಾಟಿಲಾಯ್ಡಿನ ಬಾಡಿಗೆದಾರರ ವಿಷಯದಲ್ಲೂ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಅದೇ. ಬದುಕಿದ್ದ ನಾಟಿಲಸ್ ಮೇಲೆ ಹುಳುವೊಂದು ಕೂತರೆ ಅದು ಪುಕ್ಕಟೆ ಸವಾರಿ ಮಾಡುತ್ತದೆ. ಹೊಸ ನೀರು, ಹೊಸ ಆಹಾರ. ಯಜಮಾನನಿಗೆ ಮಾತ್ರ ಆ ತೂಕವನ್ನೂ ಹೊತ್ತು ತೇಲಬೇಕಾದ ಕಷ್ಟ. ಸತ್ತ ಮೇಲೆ ಬಂದವರಾದರೆ ಕಥೆ ಬೇರೆ. ನಾಟಿಲಸ್ ಸತ್ತರೂ ಕೋಣೆಗಳ ಗಾಳಿಯಿಂದ ಚಿಪ್ಪು ತೇಲುತ್ತಲೇ ಇರುತ್ತದೆ; ಹೀಗೆ ತೇಲಿದ ಖಾಲಿ ಚಿಪ್ಪುಗಳು ಪ್ರಾಣಿ ಬದುಕುವ ನೀರಿನಿಂದ ಬಹು ದೂರ, ಜಪಾನ್ ಮತ್ತು ಥಾಯ್ಲೆಂಡ್ ತೀರಗಳಲ್ಲೂ ಸಿಕ್ಕಿವೆ. ಕಡೆಗೆ ನೀರು ತುಂಬಿ ತಳ ಸೇರಿದಾಗ ತಳದ ನಿವಾಸಿಗಳು ಅದನ್ನು ಹತ್ತುತ್ತಾರೆ.

ಇದನ್ನು ಪತ್ತೆಹಚ್ಚುವ ಕಲೆಗೆ ಅಡಿಪಾಯ ಹಾಕಿದವರಲ್ಲಿ ಜರ್ಮನಿಯ ಇಬ್ಬರನ್ನು ಹೇಳಬೇಕು. ಒಟ್ಟೊ ಷಿಂಡೆವುಲ್ಫ್ 1934ರಲ್ಲಿ, ಅಮೋನೈಟ್ ಬೆಳೆದಂತೆ ಅದರ ಜೊತೆ ಹೆಜ್ಜೆ ಹಾಕಿ ಬೆಳೆದ ಹುಳುನಳಿಕೆಗಳನ್ನು ತೋರಿಸಿಕೊಟ್ಟ. 1960ರಲ್ಲಿ ಅಡಾಲ್ಫ್ ಝೈಲಾಖರ್, ಪೆರು ದೇಶದ ಒಂದು ಅಮೋನೈಟಿನ ಮೇಲಿದ್ದ ಸಿಂಪಿಗಳು ಯಾವ ದಿಕ್ಕಿಗೆ ಬೆಳೆದಿವೆ ಎಂಬುದನ್ನು ಹಿಡಿದು, ಅಮೋನೈಟ್ ಈಜುವಾಗ ತಲೆ ಯಾವ ಕಡೆಗಿತ್ತು ಎಂದು ಹೇಳಿದ. ಸತ್ತು ಕೋಟ್ಯಂತರ ವರ್ಷವಾದ ಪ್ರಾಣಿಯ ಭಂಗಿಯನ್ನು ಅದರ ಬೆನ್ನ ಮೇಲಿನ ಸಿಂಪಿಯಿಂದ ಕೇಳಿ ತಿಳಿದದ್ದು! ನನ್ನ ಪ್ರಕಾರ ಷರ್ಲಾಕ್ ಹೋಮ್ಸ್ ಕೂಡ ಇಷ್ಟು ಮಾಡಲಿಲ್ಲ.

ಲಕ್ಷಣಗಳು ಹೀಗೆ. ಚಿಪ್ಪಿನ ಒಳಮೈಯಲ್ಲಿ, ಪ್ರಾಣಿಯ ದೇಹವಿದ್ದ ಕೊನೆಯ ಕೋಣೆಯ ಗೋಡೆಗೆ ಬಾಡಿಗೆದಾರ ಅಂಟಿದ್ದರೆ ಅವನು ಬಂದದ್ದು ಯಜಮಾನ ಸತ್ತ ಮೇಲೆಯೇ. ಬದುಕಿದ್ದಾಗ ಅಲ್ಲಿ ಜಾಗವೆಲ್ಲಿ? ಒಂದೇ ಮಗ್ಗುಲಲ್ಲಿ ಗುಂಪು ಕಟ್ಟಿ, ಇನ್ನೊಂದು ಮಗ್ಗುಲು ಖಾಲಿಯಿದ್ದರೆ, ಚಿಪ್ಪು ತಳದಲ್ಲಿ ಮಲಗಿದ್ದಾಗ ಮೇಲ್ಮುಖವಾಗಿದ್ದ ಮಗ್ಗುಲಿಗೆ ಬಂದಿರುವ ಸಂಭವ ಹೆಚ್ಚು. ಒಳಗಿನ ಕೆಸರಿನ ಅಚ್ಚಿಗೇ ನೇರವಾಗಿ ಅಂಟಿದ್ದರೆ ಇನ್ನೂ ತಡ: ಚಿಪ್ಪು ಕರಗಿ, ಅಚ್ಚು ಗಟ್ಟಿಯಾಗಿ, ಅಲೆ ಅದನ್ನು ಮತ್ತೆ ಹೊರತೆಗೆದ ಮೇಲೆ ಬಂದವರು. ಆದರೆ ನಾಟಿಲಸ್‌ನ ಸುರುಳಿ ಬೆಳೆಯುವಾಗ ಹೊಸ ಸುತ್ತು ಹಳೆಯ ಸುತ್ತನ್ನು ಮುಚ್ಚಿಕೊಂಡು ಹೋಗುತ್ತದೆ. ಬಾಡಿಗೆದಾರನೊಬ್ಬ ಹೊಸ ಸುತ್ತಿನ ಅಡಿಗೆ ಸಿಕ್ಕಿಕೊಂಡಿದ್ದರೆ, ಅವನ ಮೇಲೆ ಯಜಮಾನನೇ ಮನೆ ಕಟ್ಟಿದ್ದಾನೆ ಎಂದರ್ಥ. ಅಂದರೆ ಇಬ್ಬರೂ ಒಟ್ಟಿಗೆ ಬದುಕಿದ್ದರು. ಇದಕ್ಕಿಂತ ಗಟ್ಟಿ ಸಾಕ್ಷ್ಯ ಬೇಕಿಲ್ಲ.

ಮಾವನ ಕಲ್ಲಿನಲ್ಲಿ ಎರಡೂ ಸಿಕ್ಕಿದವು. ಬಾಯಿಯ ಬಳಿ ಒಡೆದ ಅಂಚಿನಲ್ಲಿ, ಚಿಪ್ಪಿನ ಒಳಗೋಡೆಗೆ ತಾಗಿ ಎರಡು ಪುಟ್ಟ ಬಿಳಿ ಉಂಗುರಗಳು. ಹುಳುನಳಿಕೆಗಳು ಅಡ್ಡಕ್ಕೆ ಕತ್ತರಿಸಿದಂತೆ. ಅವರು ಸತ್ತ ಮನೆಗೆ ಬಂದವರು. ಬ್ರಯೋಜೋವಾದ ಕಸೂತಿಯಾದರೋ ಒಳಸುತ್ತಿನ ಮೇಲೆ ಹರಡುತ್ತಾ ಹೋಗಿ ಹೊರಸುತ್ತಿನ ಅಂಚಿನಡಿಯಲ್ಲಿ ಮಾಯವಾಗುತ್ತಿತ್ತು. ಮೂರನೆಯ ದಿನ ಸಂಜೆ ಟಾರ್ಚನ್ನು ಹಲವು ಕೋನಗಳಿಂದ ಹಿಡಿದು ನೋಡಿ ಖಚಿತ ಮಾಡಿಕೊಂಡೆ. ಅದು ಜೀವಂತ ನಾಟಿಲಸ್‌ನ ಬೆನ್ನೇರಿ 7 ಕೋಟಿ ವರ್ಷಗಳ ಹಿಂದಿನ ಕಾವೇರಿ ಸಮುದ್ರದಲ್ಲಿ ಸವಾರಿ ಮಾಡಿತ್ತು.

ಅತ್ತೆಗೆ ಮಸೂರ ಕೊಟ್ಟು ತೋರಿಸಿದೆ. ಕಸೂತಿಯನ್ನು ಬಹಳ ಹೊತ್ತು ನೋಡಿದರು. ಕಲ್ಲನ್ನು ಸೀಳಿದರೆ ಗರಗಸ ಹಾಯುವುದು ಎಲ್ಲಿ, ಆಸಿಡ್ ಹಾಕಿದರೆ ಏನೇನು ಹೋಗುತ್ತದೆ ಎಂದು ಮಾವನ ಮಗನಿಗೂ ಬೆರಳಿಟ್ಟು ತೋರಿಸಿದೆ. ಅವನು, "ಅಲ್ಲ ಭಾವ, ಒಳಗಿನ ಕೋಣೆ ಕಂಡ್ರೆ ತಾನೇ ಜನಕ್ಕೆ ಇದೇನು ಅಂತ ತಿಳಿಯೋದು?" ಎಂದ. ಅವನ ಮಾತಿನಲ್ಲೂ ಹುರುಳಿತ್ತು. ಸೀಳಿದ ನಾಟಿಲಾಯ್ಡ್ ನಿಜಕ್ಕೂ ಸುಂದರ, ನಳಿಕೆ ಎಲ್ಲಿದೆ ಎಂಬುದು ಆಗಲೇ ಚೆನ್ನಾಗಿ ಕಾಣುವುದು. ಆದರೆ ಸೀಳಿದ ನಾಟಿಲಾಯ್ಡ್‌ಗಳು ಲೋಕದಲ್ಲಿ ಬೇಕಾದಷ್ಟಿವೆ. ಅತ್ತೆ ಸೆರಗಿನಿಂದ ಕಲ್ಲಿನ ನೀರು ಒರೆಸಿ, "ಅವರು ಹೇಗೆ ತಂದಿಟ್ರೋ ಹಾಗೇ ಇರಲಿ ಬಿಡು" ಎಂದರು. ಪಾಲಿಶಿನವರಿಗೆ ಫೋನು ಹೋಯಿತು.

ಒಂದೇ ಮುಖದ ಇಬ್ಬರು

ಗುರುತಿಸುವ ಕೆಲಸದಲ್ಲಿ ಅತಿ ದೊಡ್ಡ ಬಲೆ ಯಾವುದೆಂದು ಹೇಳುತ್ತೇನೆ. ಕೊತ್ತಂಬರಿ ಬೀಜಕ್ಕಿಂತ ಚಿಕ್ಕದಾದ, ಬಸವನಹುಳುವಿನಂತೆ ಸುರುಳಿ ಸುತ್ತಿದ ಸುಣ್ಣದ ನಳಿಕೆಗಳು ಇಂದಿನ ಸಮುದ್ರದಲ್ಲಿ ಕಡಲಕಳೆಯ ಮೇಲೂ ಚಿಪ್ಪುಗಳ ಮೇಲೂ ಅಂಟಿರುತ್ತವೆ. ಅದು ಸ್ಪೈರಾರ್ಬಿಸ್ ಎಂಬ ಹುಳು. 30, 40 ಕೋಟಿ ವರ್ಷ ಹಳೆಯ ಚಿಪ್ಪುಗಳ ಮೇಲೂ ಇಂಥದ್ದೇ ಸುರುಳಿಗಳು ಸಿಕ್ಕಿದ್ದರಿಂದ ಒಂದು ಶತಮಾನಕ್ಕೂ ಹೆಚ್ಚು ಕಾಲ ಎಲ್ಲರೂ ಅವನ್ನೂ ಸ್ಪೈರಾರ್ಬಿಸ್ ಎಂದೇ ಬರೆದರು. 2006ರಲ್ಲಿ ಲಂಡನ್ನಿನ ಪಾಲ್ ಟೇಲರ್ ಮತ್ತು ಎಸ್ಟೋನಿಯಾದ ಓಲೆವ್ ವಿನ್ ಇಬ್ಬರೂ ಸೇರಿ, ಹಳೆಯವು ಆ ಹುಳುವೇ ಅಲ್ಲ ಎಂದು ವಿವರವಾಗಿ ವಾದಿಸಿದರು. ಹಳೆಯ ಸುರುಳಿಯ ಆರಂಭ ಮುಚ್ಚಿದ ಬುರುಡೆಯಂತಿದೆ, ನಿಜವಾದ ಹುಳುವಿನ ನಳಿಕೆಗೆ ಆರಂಭದಲ್ಲೂ ಬಾಯಿ ತೆರೆದಿರುತ್ತದೆ. ಹಳೆಯದರ ಗೋಡೆ ತೆಳು ಹಾಳೆಗಳನ್ನು ಒತ್ತಿಟ್ಟಂತೆ, ಹುಳುವಿನದು ಬೇರೆ ರೀತಿ. ಹಳೆಯವಕ್ಕೆ ಮೈಕ್ರೊಕಾಂಕಿಡ್ ಎಂದು ಹೆಸರು. ಅವು ಸುಮಾರು 45 ಕೋಟಿ ವರ್ಷಗಳ ಹಿಂದೆ ಕಾಣಿಸಿಕೊಂಡು, ಜುರಾಸಿಕ್ ಕಾಲದ ನಡುವೆ ಅಳಿದುಹೋದ ಬೇರೊಂದು ಕುಲ.

ಇದರ ಪರಿಣಾಮ ಬರೀ ಹೆಸರಿನ ಬದಲಾವಣೆಯಲ್ಲ. ಸ್ಪೈರಾರ್ಬಿಸ್ ಉಪ್ಪುನೀರಿನ ಪ್ರಾಣಿ. ಆದ್ದರಿಂದ ಅದು ಸಿಕ್ಕಿದ ಬಂಡೆಯೆಲ್ಲ ಕಡಲ ಬಂಡೆ ಎಂದು ತೀರ್ಮಾನಿಸುತ್ತಿದ್ದರು. ಮೈಕ್ರೊಕಾಂಕಿಡ್‌ಗಳಾದರೋ ಸಿಹಿನೀರಿನಲ್ಲೂ ಬದುಕಿದ್ದವು. ಹೀಗಾಗಿ ಹಿಂದೆ ಸಮುದ್ರವೆಂದು ಬರೆದ ಕೆಲವು ಕಡೆ ಅದು ಕೆರೆಯೋ ಹೊಳೆಯೋ ಇದ್ದಿರಬಹುದು. ಒಂದು ಮಿಲಿಮೀಟರಿನ ಜೀವಿಯ ಗುರುತು ತಪ್ಪಿದರೆ ಒಂದು ಪ್ರಾಂತ್ಯದ ಭೂಪಟವೇ ತಪ್ಪುತ್ತದೆ! ಕೆಮ್ಮು, ಜ್ವರ ಎರಡೂ ಇದ್ದ ಮಾತ್ರಕ್ಕೆ ಎಲ್ಲರಿಗೂ ಒಂದೇ ಔಷಧ ಬರೆದರೆ ಆಗುವ ಅನಾಹುತ ವೈದ್ಯರಿಗೆ ಹೊಸದಲ್ಲ.

ಹಾಗಾಗಿ ಬಾಡಿಗೆದಾರನನ್ನು ಹೆಸರಿಸುವ ಮೊದಲು ಬಂಡೆಯ ವಯಸ್ಸನ್ನು ಕೇಳಲೇಬೇಕು. ನಮಗೆ ಹತ್ತಿರದ ಉದಾಹರಣೆ ಮಲೇಷ್ಯಾದ ಲಂಕಾವಿ. 2007ರಲ್ಲಿ ಜಿಯೋಪಾರ್ಕ್ ಆದ ಆ ದ್ವೀಪಗಳ ಸೆತುಲ್ ಸುಣ್ಣಕಲ್ಲಿನಲ್ಲಿ 45 ಕೋಟಿ ವರ್ಷಕ್ಕೂ ಹಳೆಯ, ಸುರುಳಿಯಾಗದ, ಕಹಳೆಯಂತೆ ನೆಟ್ಟಗಿನ ನಾಟಿಲಾಯ್ಡ್‌ಗಳಿವೆ. ಆ ಕಾಲದಲ್ಲಿ ಸಿಂಪಿ ಇನ್ನೂ ಹುಟ್ಟಿರಲಿಲ್ಲ. ಅಂಥ ನೆಟ್ಟಗಿನ ಚಿಪ್ಪುಗಳ ಮೇಲಿನ ಬಾಡಿಗೆದಾರರನ್ನು ಚೆನ್ನಾಗಿ ಅಭ್ಯಾಸ ಮಾಡಿರುವುದು ಅಮೆರಿಕದಲ್ಲಿ, ಮುಖ್ಯವಾಗಿ ಸಿನ್ಸಿನಾಟಿ ಸುತ್ತಮುತ್ತ. ಅಲ್ಲಿ ಸ್ಪೇಷಿಯೊಪೋರ ಎಂಬ ಬ್ರಯೋಜೋವಾ ನಾಟಿಲಾಯ್ಡ್ ಚಿಪ್ಪನ್ನೇ ಹುಡುಕಿಕೊಂಡು ಹೋಗಿ ತೆಳು ಹೊದಿಕೆಯಂತೆ ಮುಚ್ಚುತ್ತಿತ್ತು. ಬಳೆ ಜೋಡಿಸಿದಂಥ ಉಂಗುರಗಳ ಶಂಕುವಾದರೆ ಕಾರ್ನುಲಿಟಿಡ್. ಗುಂಡನೆಯ, ಬೇರುಬಿಟ್ಟ ತಟ್ಟೆಯಾದರೆ ಕಡಲಲಿಲ್ಲಿ ಎಂಬ ಕ್ರಿನಾಯ್ಡಿನ ಪಾದ. ಟೋಪಿಯಂತೆ ಕವುಚಿದ್ದರೆ ಕ್ರೇನಿಯಾ ಬಳಗದ ಬ್ರಾಕಿಯೋಪಾಡ್. ಆ ಕಾಲದ ಚಿಪ್ಪಿನ ಮೇಲೆ ಯಾರಾದರೂ ಸಿಂಪಿ ತೋರಿಸಿದರೆ ನಂಬಬೇಡಿ.

ಈ ಮಾತು ಬರೆಯುವಾಗ ನನ್ನ ಕಿಟಕಿಯಿಂದ ಕಲ್ಲಾಂಗ್ ಬೇಸಿನ್ ಕಾಣುತ್ತಿದೆ. ಇಲ್ಲಿ ನಾಟಿಲಾಯ್ಡ್ ಇಲ್ಲ. ಆದರೆ ನಮ್ಮ ಕಾಲ ಕೆಳಗಿನ ಮೆತ್ತನೆ ಜೇಡಿ, ಇಲ್ಲಿನ ಎಂಜಿನಿಯರುಗಳು ಕಲ್ಲಾಂಗ್ ಫಾರ್ಮೇಷನ್ ಎಂದು ಕರೆಯುವ ಪದರ, ಹಿಮಯುಗ ಮುಗಿದು ಸಮುದ್ರ ಏರಿದಾಗ ಬಿದ್ದ ಕಡಲ ಕೆಸರು. ಎಂ.ಆರ್.ಟಿ. ಸುರಂಗ ಅಗೆಯುವವರಿಗೆ ಅದೊಂದು ತಲೆನೋವು. 2004ರ ಏಪ್ರಿಲ್ 20ರಂದು ನಾಲ್ವರನ್ನು ಬಲಿ ತೆಗೆದುಕೊಂಡ ನಿಕೋಲ್ ಹೈವೇ ಕುಸಿತ ಆದದ್ದು ಇದೇ ಜೇಡಿಯಲ್ಲಿ ಅಗೆಯುವಾಗ. ಅದರೊಳಗೆ ಚಿಪ್ಪುಗಳಿವೆ. 2008ರಲ್ಲಿ ಮರೀನಾ ಬ್ಯಾರೇಜ್ ಆದ ಮೇಲೆ ಬೇಸಿನ್ನಿನ ನೀರು ಸಿಹಿಯಾಗಿದೆ, ಉಬ್ಬರವಿಳಿತ ನಿಂತಿದೆ. ಇಲ್ಲಿ ಸಮುದ್ರವಿತ್ತೆಂದು ಮುಂದಿನವರಿಗೆ ಹೇಳುವವರು ಆ ಚಿಪ್ಪುಗಳೂ ಅವುಗಳ ಮೇಲಿನ ಬಾಡಿಗೆದಾರರೂ ತಾನೇ.

ಅರಿಯಲೂರಿನ ಗಣಿಗಳು ಇಂದಿಗೂ ನಡೆಯುತ್ತಿವೆ. ಸಿಮೆಂಟ್ ಬೇಡವೆನ್ನಲು ನಾನ್ಯಾರು, ನಮ್ಮ ಬೆಂಗಳೂರಿನ ಫ್ಲ್ಯಾಟುಗಳಲ್ಲಿ ಎಷ್ಟು ನಾಟಿಲಸ್ ಸೇರಿಹೋಗಿದೆಯೋ! ಇನ್ನೊಂದು ಕಡೆ, ಪಳೆಯುಳಿಕೆಗಳನ್ನು ಕಾಯಲು ಕೇಂದ್ರ ಸರ್ಕಾರ ಒಂದು ಮಸೂದೆಯ ಕರಡನ್ನು 2022ರ ಡಿಸೆಂಬರಿನಲ್ಲಿ ಜನರ ಮುಂದಿಟ್ಟಿತು. ಅರಿಯಲೂರಿನ ಹತ್ತಿರ ವಾರಣವಾಸಿಯಲ್ಲಿ ಸರ್ಕಾರದ ಪಳೆಯುಳಿಕೆ ಸಂಗ್ರಹಾಲಯವಿದೆ. ಸಾತನೂರಿನಲ್ಲಿ ಕಲ್ಲಾದ ಮರದ ಹದಿನೆಂಟು ಮೀಟರ್ ಉದ್ದದ ಕಾಂಡ ಬಯಲಲ್ಲೇ ಮಲಗಿದೆ, ಎಂ. ಎಸ್. ಕೃಷ್ಣನ್ ಅವರು 1940ರಲ್ಲಿ ಅದನ್ನು ಲೋಕಕ್ಕೆ ತೋರಿಸಿದರು. ಸಿಂಗಪುರದಿಂದ ತಿರುಚ್ಚಿರಾಪಳ್ಳಿಗೆ ನೇರ ವಿಮಾನವಿದೆ, ಅಲ್ಲಿಂದ ಅರಿಯಲೂರು ಸುಮಾರು 70 ಕಿಲೋಮೀಟರ್. ಶ್ರೀರಂಗದ ದರ್ಶನಕ್ಕೆ ಹೋಗುವವರು ಒಂದು ದಿನ ಹೆಚ್ಚಿಗೆ ಇಟ್ಟುಕೊಳ್ಳಿ, ಮಕ್ಕಳ ಕೈಗೆ ಒಂದೊಂದು ಮಸೂರ ಕೊಡಿ, ಕಲ್ಲನ್ನು ಕಿತ್ತು ತರಬೇಡಿ, ಅಳತೆಪಟ್ಟಿ ಪಕ್ಕಕ್ಕಿಟ್ಟು ಫೋಟೋ ತೆಗೆಯಿರಿ. ಮನೆಯಲ್ಲಿ ಈಗಾಗಲೇ ಅಂಥ ಕಲ್ಲಿದ್ದರೆ ಎಲ್ಲಿಂದ, ಯಾರು, ಯಾವ ವರ್ಷ ತಂದದ್ದು ಎಂದು ಚೀಟಿ ಬರೆದಿಡಿ. ಅತ್ತೆ ಬರೆದ ಚೀಟಿಯಲ್ಲಿ ಮಾವನ ಹೆಸರು, ಗಣಿಯ ಊರು, ಆಮೇಲೆ ತಮ್ಮ ದುಂಡನೆಯ ಅಕ್ಷರದಲ್ಲಿ "ಮೇಲೆ ಇರುವವರು: ಸಿಂಪಿ 1, ಹುಳು 7, ಕಸೂತಿ 1, ಮಣಿಸರ" ಎಂದಿದೆ.